ದಪ್ಪ ಟಯರಿನ ಸೈಕಲ್

ಇಲ್ಲಿ ಕೊಲ್ಲಿ ನಾಡಿನಲ್ಲಿ ಈ ಹಳೆಯ ಸೈಕಲ್ಲಿಗೆ ಇನ್ನೂರು ರಿಯಾಲ್ ಕೊಟ್ಟೆ. ಅಲ್ ಹಿಲಾಲ್ ಬಡಾವಣೆಯ ಅಂಗಡಿಯವ ಮುನ್ನೂರೈವತ್ತು ಹೇಳಿದ್ದ, ಚೌಕಾಸಿ ಮಾಡಿ ಇಳಿಸಿದೆ. ತೋಟಗಳ ಕಡೆಯ ರಸ್ತೆಗೆ ದಪ್ಪ ಟಯರೇ ಬೇಕೆಂದು ನಾನು ಪಟ್ಟು ಬಿಡಲಿಲ್ಲ.

"ಎಂತ ಮಾರಾಯ, ಟ್ರ್ಯಾಕ್ಟರ್ ತಂದದ್ದಾ?" ಎನ್ನುತ್ತ ಆ ರಸ್ತೆಯಲ್ಲಿ ಜೊತೆಗೆ ಹೊರಟ ಪುತ್ತೂರಿನ ಗೆಳೆಯ ಹನೀಫ್ ತನ್ನ ಸಪೂರ ಟಯರಿನ ಸೈಕಲ್ಲಿನಲ್ಲಿ ಮುಂದೆ ಹೋದ. ಒಂದೆಡೆ ಗಾಳಿ ತಂದ ಮರಳು ಡಾಂಬರಿನ ಮೇಲೆ ಹರಡಿತ್ತು. ಹಿಂದೆ ನೀರಿನ ಟ್ಯಾಂಕರ್ ಬರುತ್ತಿತ್ತು. ಊರಿನ ಮಳೆಗಾಲದಲ್ಲಿ ಕೆಸರು ಕಂಡೊಡನೆ ಬ್ರೇಕ್ ಹಿಡಿಯುವ ಅಭ್ಯಾಸ, ಅವನ ಕೈ ಬ್ರೇಕಿಗೆ ಹೋಯಿತು, ಸೈಕಲ್ ಜಾರಿತು.

"ಬ್ರೇಕ್ ಬಿಡು, ನೆಟ್ಟಗೆ ಹೋಗು!" ಎಂದು ಕೂಗಿದೆ. ಬಿಟ್ಟ, ಓಲಾಡುತ್ತ ದಾಟಿದ. ನಾನು ಅಲುಗದೆ ದಾಟಿದೆ.

"ಮಾರಾಯ, ಟ್ರ್ಯಾಕ್ಟರ್ ಮುನ್ನೂರಕ್ಕೆ ಕೊಡ್ತೀಯಾ?"

"ಮಾಫಿ," ಅರಬಿಯಲ್ಲೇ ‘ಇಲ್ಲ’ ಎಂದೆ, "ಮಾರಾಟಕ್ಕಿಲ್ಲ."

ನೀವೂ ಈ ರಸ್ತೆಗೆ ಸೈಕಲ್ಲಿನಲ್ಲಿ ಬಂದರೆ ಟಯರಿನ ಗಾಳಿ ತುಸು ಇಳಿಸಿ. ಮರಳು ಕಂಡೊಡನೆ, ಅದನ್ನು ಮುಟ್ಟುವ ಮೊದಲೇ ವೇಗ ತಗ್ಗಿಸಿ; ಮರಳಿನ ಮೇಲೆ ಮಾತ್ರ ಬ್ರೇಕ್ ಹಿಡಿಯಬೇಡಿ.