ರೈಲಿನ ಹೊಗೆಯ ಸಾಲು

ನಮ್ಮ ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಗುರುತಿಲ್ಲದವರ ಕಣ್ಣು ಬಿದ್ದರೆ ರೇಷ್ಮೆಹುಳು ಸೊಪ್ಪು ಮುಟ್ಟುವುದಿಲ್ಲ ಎಂಬ ನಂಬಿಕೆ. ಆ ಮುಚ್ಚಿದ ಬಾಗಿಲ ಹಿಂದೆ ಸೊಪ್ಪು ಹರಡುತ್ತ ಹೆಂಗಸರು ಹಾಡುತ್ತಿದ್ದದ್ದು ಮಾತ್ರ ದಾರಿಹೋಕನೊಬ್ಬನ ಹಾಡು:

ನೀರ ಕುಡಿದೋನ ಊರ ಕೇಳಲಿಲ್ಲ
ಚೊಂಬಿನ ಅಂಚು ಆರಲಿಲ್ಲ
ಕುದುರೆಯ ಧೂಳು ದಿಣ್ಣೆ ದಾಟಿತಲ್ಲ

ಮೈಸೂರಿನ ಕಾಲೇಜಿನಿಂದ ಬೇಸಿಗೆ ರಜೆಗೆ ಬಂದಿದ್ದ ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಪ್ರೀತಿ ಎಂಬ ಮಾತೇ ಅದರಲ್ಲಿಲ್ಲ. ಅವನ ಮುಖವೂ ಇಲ್ಲ. ಒದ್ದೆ ಅಂಚು ಆರುವಷ್ಟರೊಳಗೆ ಅವನು ಕಣ್ಮರೆಯಾಗಿದ್ದಾನೆ. ಆ ಅವಸರವೇ ನನ್ನನ್ನು ಹಿಡಿದದ್ದು. ಬರೆಯುವಾಗ ಕೊನೆಯ ಸಾಲನ್ನು ನಾನೇ ಬದಲಿಸಿದೆ: 'ರೈಲಿನ ಹೊಗೆಯು ಬೆಟ್ಟ ದಾಟಿತಲ್ಲ.'

ಊರಿಗೆ ಬರುವಾಗ ಮದ್ದೂರು ಸ್ಟೇಷನ್ನಿನಲ್ಲಿ ಯಾರೋ ಒಬ್ಬರು ನನ್ನ ಚೊಂಬಿಗೆ ನೀರು ತುಂಬಿ ಕಿಟಕಿಯಲ್ಲಿ ಕೊಟ್ಟು ತಮ್ಮ ಬೋಗಿಗೆ ಹೋಗಿದ್ದರು. ನಾನು ಚನ್ನಪಟ್ಟಣದಲ್ಲಿ ಇಳಿದೆ. ರೈಲು ಬೆಟ್ಟಗಳತ್ತ ಹೋಯಿತು. ಅಷ್ಟೇ.

ಓದು ಇನ್ನೊಂದು ವರ್ಷ ಉಳಿದಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಕಳಿಸುವುದು ಬಿಡುವುದು ದೊಡ್ಡಪ್ಪನ ಕೈಯಲ್ಲಿತ್ತು. ಒಂದು ಬೆಳಿಗ್ಗೆ ಪಂಚಾಂಗ ಹುಡುಕುತ್ತಿದ್ದ ಅವರಿಗೆ ನನ್ನ ನೋಟುಬುಕ್ಕು ಸಿಕ್ಕಿತು. ಜಗುಲಿಗೆ ಕರೆದರು.

"ಏನವ್ವಾ ಇದು? ಕಾಲೇಜಲ್ಲಿ ಇದ್ನೇನಾ ಕಲ್ಸೋದು?"

"ಹುಳದ ಮನೇಲಿ ಹಾಡೋ ಹಾಡು, ದೊಡ್ಡಪ್ಪ."

"ನಮ್ ಹುಳದ್ ಮನೆಗೆ ರೈಲು ಯಾವಾಗ ಬಂತು?"

ಹೆಂಗಸರನ್ನು ಕರೆದು ಕೇಳಿದರೆ ಕುದುರೆಯ ಸಾಲು ಹೊರಬೀಳುವುದು ಖಂಡಿತ.

"ಯಾರವ್ನು? ಹೇಳ್ಬುಡು. ಇಲ್ದಿದ್ರೆ ಓದು ಇಲ್ಲಿಗೆ ಸಾಕು."

ಹೆಸರು ನನಗೂ ಗೊತ್ತಿರಲಿಲ್ಲ. ಹಾಗೆಂದರೆ ನಂಬುವವರು ಯಾರು?

ಬಾಗಿಲ ಮರೆಯಿಂದ ಅಮ್ಮನ ದನಿ ಬಂತು. "ಅದು ಇರೋದೇ ಹಂಗೆ, ಬಾವ. ನಮ್ ತವ್ರಲ್ಲಿ ರೈಲು ಅಂತ್ಲೇ ಹಾಡೋದು."

"ನಿಮ್ ಸಾತನೂರಿಗೆ ರೈಲೆಲ್ಲೈತಮ್ಮ?"

"ಇಲ್ದಿದ್ಕೇ ಹಾಡ್ತಾರೆ. ಇದ್ದಿದ್ರೆ ಹತ್ಕೊಂಡು ಹೋಗ್ತಿರ್ಲಿಲ್ವಾ?"

ದೊಡ್ಡಪ್ಪ ತಡೆಯಲಾರದೆ ನಕ್ಕುಬಿಟ್ಟರು. ನೋಟುಬುಕ್ಕನ್ನು ನನ್ನ ಕಡೆ ಸರಿಸಿದರು. "ಹೋಗವ್ವ. ಓದೋದನ್ನ ಓದು, ಹಾಡೋರು ಹಾಡ್ಕೊಳ್ಳಿ."

ಅಮ್ಮ ದಿನವೂ ಆ ಹೆಂಗಸರೊಡನೆ ಕೂತು ಹಾಡಿದವಳು. ಕುದುರೆ ಎಲ್ಲಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ನನ್ನ ಟ್ರಂಕಿನಲ್ಲಿ ಸೀರೆ ಮಡಿಸಿಡುವಾಗ ಏನೂ ಕೇಳಲಿಲ್ಲ.

ಆ ವರ್ಷವೆಲ್ಲ ಅವಳ ಕಾಗದ ಬಂದಾಗಲೆಲ್ಲ ಆ ಪ್ರಶ್ನೆ ಇದೆಯೇನೋ ಎಂದು ಹುಡುಕುತ್ತಿದ್ದೆ. ಹುಳು ಚೆನ್ನಾಗಿವೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದಷ್ಟೇ ಇರುತ್ತಿತ್ತು. ಅಮ್ಮನಿಗೆ ಓದು ಬರಹ ಬಾರದು. ಅವಳು ಹೇಳಿದ್ದನ್ನು ಬರೆಯುತ್ತಿದ್ದವರೂ ನನ್ನ ಕಾಗದವನ್ನು ಅವಳಿಗೆ ಓದಿಹೇಳುತ್ತಿದ್ದವರೂ ದೊಡ್ಡಪ್ಪ. ಕೇಳಬೇಕೆಂದಿದ್ದರೂ ಅವಳು ಕೇಳುವ ಹಾಗಿರಲಿಲ್ಲ, ಮತ್ತು ನಾನು ಹೇಳುವ ಹಾಗೂ ಇರಲಿಲ್ಲ.