ಅಶ್ವತ್ಥಕಟ್ಟೆಯ ಮೂವತ್ತು ಸುತ್ತು

ತುಮಕೂರಿನ ಲೇಡಿ ಡಾಕ್ಟರು ನಾನು ವ್ಯಾಯಾಮ ಮಾಡಬೇಕೆಂದಾಗ ನನ್ನ ಗಂಡ ನಕ್ಕುಬಿಟ್ಟರು. ಅವರನ್ನು ದೂರಿ ಫಲವಿಲ್ಲ. ಐವತ್ತರ ದಶಕದ ಕೊನೆಯ ಗುಬ್ಬಿಯಲ್ಲಿ ಆ ಮಾತು ಗರಡಿಮನೆಗೆ ಸೇರಿದ್ದಾಗಿತ್ತು. ಮೈಗೆ ಮಣ್ಣು ಮೆತ್ತಿಕೊಂಡು ತೊಡೆ ತಟ್ಟುವ ಗಂಡಸರು ಮಾಡುವುದು ವ್ಯಾಯಾಮ, ಹೆಂಗಸರು ಮಾಡುವುದು ಮನೆಗೆಲಸ. ಆ ಮನೆಗೆಲಸವನ್ನು ಮಾಡಕೂಡದೆಂದು ಅದೇ ಡಾಕ್ಟರು ಎರಡು ನಿಮಿಷದ ಹಿಂದೆ ಹೇಳಿ ಮುಗಿಸಿದ್ದರು.

ನನ್ನ ಎದೆ ಕೆಟ್ಟದ್ದು ತವರೂರಾದ ಕುಣಿಗಲ್ಲಿನಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ಮೊದಲು ಗಂಟಲುನೋವು, ಆಮೇಲೆ ಜ್ವರ, ಆಮೇಲೆ ಮೊಣಕಾಲು ಊದಿಕೊಂಡಿತು, ಅದು ಇಳಿಯುವಷ್ಟರಲ್ಲಿ ಮಣಿಕಟ್ಟು. ವಾಯು ಎಂದರು, ಎಣ್ಣೆ ತಿಕ್ಕಿದರು. ಕೀಲುಗಳು ಸರಿಹೋದವು. ಎದೆಯೊಳಗಿನ ಒಂದು ಕವಾಟ ಮಾತ್ರ ಸರಿಹೋಗಲಿಲ್ಲ, ಅದು ಯಾರಿಗೂ ಗೊತ್ತಾಗಲೂ ಇಲ್ಲ. ಮದುವೆಯಾಗಿ ಗುಬ್ಬಿಗೆ ಬಂದ ಎರಡನೆಯ ವರ್ಷ, ಬಾವಿಯಲ್ಲಿ ಮೂರನೆಯ ಕೊಡ ಸೇದುತ್ತಿದ್ದಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದೆ. ಹಾಗಾಗಿ ತುಮಕೂರಿನ ಆಸ್ಪತ್ರೆಗೆ ಹೋಗಿದ್ದು.

ಡಾಕ್ಟರು ಬಿಡಿಸಿ ಹೇಳಿದರು. ನೀರು ಸೇದಬಾರದು, ಬೀಸುವ ಕಲ್ಲಿನ ಹತ್ತಿರ ಸುಳಿಯಬಾರದು, ಮೆಟ್ಟಿಲು ಹತ್ತಬಾರದು. ಬಸುರಾಗಬಾರದು, ಬಸುರಾದರೆ ಹೆರಿಗೆಯಲ್ಲಿ ನಾನು ಉಳಿಯುವುದು ಅನುಮಾನ. ಹಾಗೆಂದು ಮಲಗಿಕೊಂಡೂ ಇರಬಾರದು. "ದಿನಾ ಅರ್ಧ ಗಂಟೆ ಸಮನೆಲದಲ್ಲಿ ನಡೀಬೇಕು. ಮಾತಾಡ್ತಾ ನಡೆಯೋಕೆ ಆಗ್ಬೇಕು. ಮಾತಾಡೋಕೆ ಉಸಿರು ಸಾಲಲಿಲ್ಲ ಅಂದ್ರೆ ನಿಂತ್ಕೊ. ಅಷ್ಟೇ ನಿನ್ನ ಲೆಕ್ಕ."

ವಾಪಸು ಬರುವಾಗ ರೈಲಿನಲ್ಲಿ ನನ್ನ ಗಂಡ, "ಮಗು ವಿಷಯ ಅಮ್ಮಂಗೆ ಈಗ್ಲೇ ಹೇಳೋದು ಬೇಡ. ಎದೆ ವೀಕು ಅಂತ ಮಾತ್ರ ಹೇಳೋಣ," ಎಂದರು. ಅವರು ತಾಲ್ಲೂಕು ಕಚೇರಿಯ ಗುಮಾಸ್ತರು, ಯಾವ ಕಾಗದವನ್ನೂ ಇವತ್ತೇ ಮೇಲಕ್ಕೆ ಕಳಿಸಿದವರಲ್ಲ. ನಾನು ಹೂಂ ಎಂದೆ. ನನಗೂ ಧೈರ್ಯವಿರಲಿಲ್ಲ.

ನಮ್ಮತ್ತೆ ವಿಧವೆ. ಒಬ್ಬನೇ ಮಗನನ್ನು ಸಾಕಿ, ಓದಿಸಿ, ನೌಕರಿಗೆ ಸೇರಿಸಿದವರು. ಎದೆ ವೀಕು ಎಂದು ಕೇಳಿದ್ದೇ ತಡ, ನನ್ನ ಕೈಯಿಂದ ಪೊರಕೆಯನ್ನೂ ಕಿತ್ತುಕೊಂಡರು. "ಸುಮ್ನೆ ಕೂತ್ಕೊ. ಅದೇ ನೀನು ನಂಗೆ ಮಾಡೋ ಉಪಕಾರ," ಎಂದರು. ಒಳಕೋಣೆಯಲ್ಲಿ ಚಾಪೆ ಹಾಸಿದರು. ಕಾಫಿ ಅಲ್ಲಿಗೇ ಬರುತ್ತಿತ್ತು, ಊಟ ಅಲ್ಲಿಗೇ. ಮೂರು ತಿಂಗಳಲ್ಲಿ ನನ್ನ ತೊಡೆ ಬಡಕಲಾಗಿ, ನೆಲಕ್ಕೆ ಕೈಯೂರದೆ ಏಳಲಾಗದ ಸ್ಥಿತಿಗೆ ಬಂದೆ. ಮುದ್ದು ಮಾಡಿಯೂ ಮನುಷ್ಯರನ್ನು ಮುಗಿಸಬಹುದು ಎಂದು ನನಗೆ ಗೊತ್ತಾದದ್ದು ಆಗ. ನನಗೆ ಇಪ್ಪತ್ತೆರಡು ವರ್ಷ, ಹೆದರಿಕೆಯಾಯಿತು.

ನಡೆಯಲೇಬೇಕೆಂದು ಹೊರಟೆ. ಆದರೆ ಗುಬ್ಬಿಯಲ್ಲಿ ಸುಮ್ಮನೆ ನಡೆಯುವುದೆಂಬುದು ಇರಲಿಲ್ಲ. ಹೊಸಿಲು ದಾಟಿದರೆ ಬಲಗಡೆ ಮನೆಯವರು "ಎಲ್ಲಿಗೆ ಹೊಂಟ್ರಿ?" ಎನ್ನುತ್ತಿದ್ದರು, ನಾಲ್ಕು ಹೆಜ್ಜೆಗೆ ಎಡಗಡೆಯವರು. "ಇಲ್ಲೇ" ಎಂದರೆ "ಇಲ್ಲೇ ಅಂದ್ರೆ ಎಲ್ಲಿ?" ಎಂದು ಮುಂದಿನ ಪ್ರಶ್ನೆ. ಒಂದು ದಿನ ಸ್ಟೇಷನ್ನಿನವರೆಗೆ ಹೋಗಿ ಹಿಂದಿರುಗಿದೆ. ನಾನು ಮನೆ ಸೇರುವ ಮೊದಲೇ ಸುದ್ದಿ ನನ್ನ ಗಂಡನ ಕಚೇರಿ ಸೇರಿತ್ತು: ನಿಮ್ಮನೆಯವರು ಬರಿಗೈಲಿ ರೈಲಿಗೆ ಕಾಯ್ತಿದ್ರು, ಮನೇಲಿ ಏನಾರ ಮಾತುಕತೆ ಆಯ್ತಾ? ಮರುದಿನ ಎಣ್ಣೆ ಬಾಟಲಿ ಹಿಡಿದುಕೊಂಡು ಸಂತೆಮಾಳದ ಕಡೆಗೆ ಹೊರಟೆ. ತೆಂಗಿನಕಾಯಿ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾಕ್ ನಡೀತೀರಿ ಅಮ್ಮಾವ್ರೇ, ಹತ್ಕಳಿ," ಎಂದ. ಬೇಡವೆಂದೆ. "ಗಾಡಿ ಕೊಳಕು ಅಂತಲಾ?" ಎಂದು ಮುಖ ಸಣ್ಣದು ಮಾಡಿಕೊಂಡ. ಹತ್ತಿದೆ. ನನ್ನ ವ್ಯಾಯಾಮವನ್ನು ಎತ್ತುಗಳೇ ಮಾಡಿದವು.

ಹಿತ್ತಲಲ್ಲಿ ನಡೆದು ನೋಡಿದೆ. ಹನ್ನೊಂದು ಹೆಜ್ಜೆಗೆ ಗೋಡೆ, ತಿರುಗಿದರೆ ಬಚ್ಚಲು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಏನ್ ಕಳ್ಕೊಂಡೆ? ನಾನ್ ಹುಡುಕ್ತೀನಿ, ನೀನು ಒಳಗ್ ನಡಿ," ಎನ್ನುತ್ತಿದ್ದರು.

ಆ ದಿನಗಳಲ್ಲಿ ನನಗೆ ಕುಣಿಗಲ್ಲಿನ ಒಂದು ಕುದುರೆ ಪದೇ ಪದೇ ನೆನಪಾಗುತ್ತಿತ್ತು. ಅಲ್ಲಿಯ ಕುದುರೆ ಫಾರಂನ ಬೇಲಿಯಾಚೆ, ಕಾಲು ಪೆಟ್ಟಾದ ಕಂದು ಕುದುರೆಯೊಂದನ್ನು ಆಳು ಹಗ್ಗ ಹಿಡಿದು ದಿನಾ ಸುತ್ತಿಸುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ ನಮ್ಮ ತಂದೆ, "ನಿಂತ್ರೆ ಕಾಲು ಹಿಡ್ಕೊಳ್ಳುತ್ತೆ, ಓಡಿದ್ರೆ ಮುರೀತದೆ. ಅದಕ್ಕೇ ಸುತ್ತಿಸ್ತಾರೆ," ಎಂದಿದ್ದರು. ಸುತ್ತುವ ಕುದುರೆ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಅದನ್ನು ಯಾರೂ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಹೀಗೆ ಯೋಚಿಸುತ್ತಿದ್ದಾಗಲೇ ನಮ್ಮ ಬೀದಿಯ ಕೊನೆಯ ಅಶ್ವತ್ಥಕಟ್ಟೆ ಹೊಳೆಯಿತು. ದೊಡ್ಡ ಮರ, ಬುಡದಲ್ಲಿ ನಾಗರಕಲ್ಲುಗಳು, ಸುತ್ತಲೂ ಸಮನಾದ ಚಪ್ಪಡಿ ಹಾಸು. ಊರಲ್ಲಿ ಹೆಂಗಸೊಬ್ಬಳು ಕಾರಣವಿಲ್ಲದೆ ನಡೆಯಬಹುದಾದ ಜಾಗ ಅದೊಂದೇ.

ಮರುದಿನ ಬೆಳಿಗ್ಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟೆ. ಯಾರೂ ತಡೆಯಲಿಲ್ಲ. ಮೂವತ್ತು ಸುತ್ತಿಗೆ ಸರಿಯಾಗಿ ಅರ್ಧ ಗಂಟೆ. ಜೊತೆಗೆ ಯಾರೂ ಇಲ್ಲದ್ದರಿಂದ, ಉಸಿರು ಸಾಲುತ್ತದೆಯೋ ಇಲ್ಲವೋ ನೋಡಲು ಮಗ್ಗಿ ಹೇಳಿಕೊಳ್ಳುತ್ತಿದ್ದೆ. ನೋಡಿದವರಿಗೆ ಅದು ಸ್ತೋತ್ರ. ಹದಿನೈದು ದಿನಕ್ಕೆ ಕೈಯೂರದೆ ಚಾಪೆಯಿಂದ ಎದ್ದೆ. ಎಷ್ಟು ಸಂತೋಷವಾಯಿತೆಂದರೆ, ಮತ್ತೆ ಕೂತು ಇನ್ನೊಮ್ಮೆ ಎದ್ದು ನೋಡಿದೆ.

ನಾನು ಮರೆತದ್ದು ಒಂದೇ. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದವಳು ಅಶ್ವತ್ಥ ಸುತ್ತಿದರೆ ಅದಕ್ಕೆ ಒಂದೇ ಅರ್ಥ. ಮರೆತೆನೋ, ಮರೆತಂತೆ ಇದ್ದೆನೋ, ಈಗ ಹೇಳಲಾರೆ. ಎದುರುಮನೆಯಾಕೆ ಒಂದು ಬೆಳಿಗ್ಗೆ ನನ್ನ ತಟ್ಟೆಗೆ ಹೂವು ಹಾಕಿ, "ನಾಗಪ್ಪ ಕಣ್ಬುಡ್ತಾನೆ, ಬುಡಮ್ಮ," ಎಂದು ಗಲ್ಲ ಹಿಡಿದರು. ಅಂದು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಣ್ಣಲ್ಲಿ ನೀರು. "ನಂಗ್ ಒಂದ್ ಮಾತೂ ಹೇಳ್ದೆ ವ್ರತ ಹಿಡಿದಿದ್ದೀಯಲ್ಲೇ, ಕಳ್ಳಿ," ಎಂದು ಬೆನ್ನು ಸವರಿದರು. ನಾನು ಬಾಯಿ ಬಿಡಲಿಲ್ಲ.

ವ್ರತವೆಂದ ಮೇಲೆ ಅದಕ್ಕೆ ನಿಯಮವಿದೆ, ಅತ್ತೆಗೆ ಅವೆಲ್ಲ ಗೊತ್ತಿದ್ದವು. ಮೂವತ್ತು ಸುತ್ತು ಸಾಲದು, ನೂರೆಂಟು ಆಗಬೇಕು. ಒಂದು ಮಂಡಲ, ಎಂದರೆ ನಲವತ್ತೆಂಟು ದಿನ. ತಣ್ಣೀರು ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಸುತ್ತಬೇಕು. "ಅರೆಬರೆ ಮಾಡಿದ್ರೆ ಮಾಡ್ದೇ ಇದ್ದಂಗೆ ಕಣೇ," ಎಂದರು. ನಾನು ಗಂಡನ ಮುಖ ನೋಡಿದೆ. ಅವರು ಪೇಪರ್ ಓದುತ್ತಿದ್ದರು. ಆಮೇಲೆ ಹೊರಗೆ ಸಿಕ್ಕಾಗ, "ನೀನೇ ಏನಾದ್ರೂ ಹೇಳಿ ತಪ್ಪಿಸ್ಕೊ," ಎಂದರು. ನನಗೆ ಮೈಯೆಲ್ಲ ಉರಿಯಿತು. ನಾನು ಬೇಡವೆಂದರೆ ಯಾಕೆಂದು ಹೇಳಬೇಕಿತ್ತು. ಹೇಳಿದರೆ ಅತ್ತೆಯ ಮುಖದ ಆ ಗೆಲುವು ಹೋಗುತ್ತಿತ್ತು, ನನಗೆ ಮತ್ತೆ ಒಳಕೋಣೆಯ ಚಾಪೆ. ನಲವತ್ತೆಂಟು ದಿನ ತಾನೇ ಎಂದುಕೊಂಡೆ.

ಪುಷ್ಯಮಾಸದ ಚಳಿ. ಅತ್ತೆ ತಾವೇ ನೀರು ಸೇದಿ ನನ್ನ ತಲೆಯ ಮೇಲೆ ಸುರಿಯುತ್ತಿದ್ದರು, ಅಕ್ಕಿಕಾಳು ಹಿಡಿದು ಕಟ್ಟೆಯ ಪಕ್ಕ ಕೂತು ಸುತ್ತಿಗೊಂದರಂತೆ ತಟ್ಟೆಗೆ ಹಾಕುತ್ತಿದ್ದರು. ಮೊದಲ ದಿನ ಎಂಬತ್ತನೆಯ ಸುತ್ತಿಗೆ ಉಸಿರು ಸಾಲದೆ ಮಗ್ಗಿ ನಿಂತಿತು. ನಾಲ್ಕನೆಯ ದಿನ ಐವತ್ತಕ್ಕೆ. ಒಂಬತ್ತನೆಯ ದಿನ ಮೂವತ್ತಕ್ಕೂ ಮಾತು ಹೊರಡಲಿಲ್ಲ, ಆದರೂ ಸುತ್ತಿದೆ. ಅರವತ್ತರ ಹತ್ತಿರ ಕೆಮ್ಮು ಬಂದು ನಾಗರಕಲ್ಲು ಹಿಡಿದು ಕೂತೆ. ತುಟಿ ನೀಲಿಯಾಗಿತ್ತಂತೆ. ಕಟ್ಟೆಗೆ ಬಂದಿದ್ದ ಹೆಂಗಸರು ನನ್ನನ್ನು ಎತ್ತಿಕೊಂಡು ಮನೆಗೆ ತಂದರು.

ನನ್ನ ಗಂಡ ಅಮಲ್ದಾರರ ಜೊತೆ ಚೇಳೂರಿಗೆ ಕ್ಯಾಂಪು ಹೋಗಿದ್ದರು. ಹಾಗಾಗಿ ತುಮಕೂರಿನ ರೈಲಿಗೆ ನನ್ನನ್ನು ಹತ್ತಿಸಿದ್ದು ಅತ್ತೆ. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಒದ್ದೆ ಸೀರೆಯ ಕಥೆ ಕೇಳಿ, ಕೆಂಡವಾದರು. "ಯಾತಕ್ಕೆ ಈ ವ್ರತ?" ಎಂದರು.

"ಮಗೂಗೆ," ಎಂದರು ಅತ್ತೆ.

ಡಾಕ್ಟರು ನನ್ನನ್ನು ನೋಡಿದರು. "ಇವರಿಗೆ ಹೇಳಿಲ್ವಾ?" ಎಂದರು. ನಾನು ಗೋಡೆ ನೋಡಿದೆ. ಆಗ ಅವರೇ ಹೇಳಿದರು, ಎರಡೇ ಮಾತಿನಲ್ಲಿ. ಅತ್ತೆ ಸೆರಗಿನ ತುದಿಯಲ್ಲಿ ಇನ್ನೂ ಕಟ್ಟಿಕೊಂಡೇ ಇದ್ದ ಅಕ್ಕಿಕಾಳಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಅತ್ತೆ ಮಂಚದ ಪಕ್ಕದಲ್ಲೇ ಇದ್ದರು. "ಗಂಜಿ ಕುಡಿ," "ಹೊರಳು," ಇಷ್ಟೇ ಮಾತು. ಗುಬ್ಬಿಗೆ ಬಂದ ದಿನ ಮಗನಿಗೆ ಮಾತ್ರ ಒಂದು ಮಾತಾಡಿದರು. "ನನ್ನ ಕೈಲೇ ಇವಳನ್ನ ಕೊಲ್ಲಿಸ್ತಿದ್ದಲ್ಲೋ," ಎಂದರು. ಅವರು ತಲೆ ತಗ್ಗಿಸಿದರು. ಅದರಲ್ಲಿ ಅರ್ಧ ತಪ್ಪು ನನ್ನದೆಂದು ನಾನೂ ಹೇಳಲಿಲ್ಲ. ಇಷ್ಟು ವರ್ಷವಾದರೂ ಆ ಮೌನ ನೆನೆದರೆ ನಾಚಿಕೆಯಾಗುತ್ತದೆ.

ಒಂದು ತಿಂಗಳು ಕಳೆಯಿತು. ಚಾಪೆ ಮತ್ತೆ ಒಳಕೋಣೆಗೆ ಬಂದಿತ್ತು, ಇನ್ನು ಇಷ್ಟೇ ನನ್ನ ಪಾಡು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಬಿಸಿಲು ಬಂದ ಮೇಲೆ ಅತ್ತೆ ಒಣಗಿದ ಸೀರೆಯೊಂದನ್ನು ತಂದು ನನ್ನ ಮುಂದೆ ಹಾಕಿದರು. "ಏಳು. ಮಲಗಿದ್ರೂ ಸಾಯ್ತಾಳೆ ಅಂದವ್ರೆ ಆ ಡಾಕ್ಟ್ರಮ್ಮ. ಮೂವತ್ತೇ ಸುತ್ತು," ಎಂದರು. ಕಟ್ಟೆಗೆ ಜೊತೆಯಲ್ಲೇ ಬಂದರು. ನಾನು ಸುಮ್ಮನೆ ನಡೆಯತೊಡಗಿದೆ. "ಮಾತಾಡು," ಎಂದು ಗದರಿದರು, "ಉಸಿರು ಹೆಂಗಿದೆ ಅಂತ ನಂಗೆಂಗ್ ಗೊತ್ತಾಗ್ಬೇಕು?" ಏನು ಮಾತಾಡಲಿ ಎಂದೆ. "ನಿಮ್ಮೂರಿನ್ ಕೆರೆ ವಿಷಯ ಹೇಳು. ಏನಾರ ಹೇಳು."

ಹೇಳಿದೆ. ಕೆರೆ ಏರಿ, ಕುಂಟುವ ಕುದುರೆ, ತಂದೆಯ ಕೋಪ. ದಿನಾ ಅರ್ಧ ಗಂಟೆ, ಅರವತ್ತರ ದಶಕದ ಬಹುಪಾಲು, ಅವರ ಕಾಲು ಸೋಲುವವರೆಗೆ. ನಡುವೆ ಅವರೂ ತಮ್ಮ ಕಥೆಗಳನ್ನು ಹೇಳಿದರು. ನನ್ನ ಮಾತು ಒಂದು ಗಳಿಗೆ ತಡವಾದರೂ ತೋಳು ಹಿಡಿದು ನಿಲ್ಲಿಸುತ್ತಿದ್ದರು. ದೇವರ ಸುತ್ತ ಹರಟೆ ಹೊಡೀತಾರೆ ಎಂದು ಬೀದಿಯವರು ಆಡಿಕೊಂಡರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಪ್ರತಿ ಸುತ್ತಿನಲ್ಲೂ ನಾಗರಕಲ್ಲುಗಳ ಎದುರಿಗೆ ಬಂದಾಗ ಅವರೇ ಎರಡು ಹೆಜ್ಜೆ ಮಾತು ನಿಲ್ಲಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಬಹಳ ದಿನದ ಮೇಲೆ ಒಮ್ಮೆ ಕೇಳಿದೆ. "ಅತ್ತೆ, ಅಲ್ಲಿ ಏನ್ ಕೇಳ್ಕೊತೀರಿ?"

ಅವರು ನಿಲ್ಲದೆ ನಡೆದರು. "ನಿಂಗ್ಯಾಕೆ ಸುಳ್ಳು ಹೇಳ್ಲಿ, ಮಗೂನೇ ಕೇಳ್ತೀನಿ. ಆಸೆ ಹೋಗಲ್ಲ ಕಣೇ," ಎಂದರು.

ನನ್ನ ಮಾತು ನಿಂತಿತೆಂದು ಅವರು ಗಾಬರಿಯಿಂದ ತೋಳು ಹಿಡಿದು ನಿಲ್ಲಿಸಿದರು. ಉಸಿರು ಸರಿಯಾಗಿಯೇ ಇದೆ ಎಂದೆ.

"ಮತ್ತೆ ನನ್ನ ಉಸಿರಿಗೆ ಕೇಳ್ಕೊಳಲ್ವಾ?" ಎಂದೆ.

"ಅದಕ್ಕೆ ನಡೀತಿದೀವಲ್ಲ, ಅದನ್ನ ಬೇರೆ ಕೇಳ್ಬೇಕಾ?" ಎಂದು ಅತ್ತೆ ನನ್ನ ತೋಳು ಬಿಟ್ಟರು. "ಹೂಂ, ಮಾತಾಡು. ಇನ್ನೂ ಹನ್ನೆರಡು ಸುತ್ತು ಅದೆ."