ಬೇಸಿಗೆಯ ಲೆಕ್ಕಕ್ಕೆ ಕೊಂಡ ಕಂಪ್ಯೂಟರ್

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಹಾಪುರದ ನನ್ನ ರಕ್ತ ಪರೀಕ್ಷೆಯ ಲ್ಯಾಬಿಗೆ ಕಂಪ್ಯೂಟರ್ ತರಲು ಯಾದಗಿರಿಗೆ ಹೋದ ದಿನವೂ ಅದು ನನ್ನ ಜೊತೆಗೇ ಬಸ್ಸು ಹತ್ತಿತ್ತು.

ಅಂಗಡಿಯವನು ಮೂರು ಥರದವು ತೋರಿಸಿದ. ಮನೆಯ ಮಕ್ಕಳಿಗೆ ಸಾಕಾಗುವಂಥದ್ದು, ದೊಡ್ಡ ಆಸ್ಪತ್ರೆಗಳು ಕೊಳ್ಳುವಂಥದ್ದು, ನಡುವಿನದು. ನಡುವಿನದು ಸಾಕು ಎಂದೆ. ಅದರಲ್ಲೂ ಮೆಮೊರಿ ಎಷ್ಟು ಹಾಕಲಿ ಎಂದು ಅವನ ವಿಚಾರಣೆ ಶುರುವಾಯಿತು. ದಿನಕ್ಕೆ ಎಷ್ಟು ರಿಪೋರ್ಟು, ಒಂದೇ ಸಲಕ್ಕೆ ಎಷ್ಟು ಜನ ಕೂತು ಕೆಲಸ ಮಾಡುತ್ತಾರೆ, ರಕ್ತದ ಕಣ ಎಣಿಸುವ ಮಶೀನನ್ನೂ ಇದಕ್ಕೇ ಜೋಡಿಸುತ್ತೀರಾ, ಜನರ ಮೊಬೈಲಿಗೆ ರಿಪೋರ್ಟು ಹೋಗುವುದೂ ಇದರಿಂದಲೇನಾ. ಆಗ ಬೇಸಿಗೆ. ದಿನಕ್ಕೆ ನಲವತ್ತು ಎಂದೆ.

"ಸಾಧಾರಣ ದಿನದ್ದು ಬ್ಯಾಡ್ರಿ ಅಕ್ಕಾರ. ಭಾಳ ರಷ್ ಇರೋ ದಿನದ್ದು ಹೇಳ್ರಿ," ಎಂದ.

ದೊಡ್ಡದನ್ನೇ ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಅನ್ನಿಸಿತು. ನನ್ನ ಲ್ಯಾಬು ನನಗೆ ಗೊತ್ತಿಲ್ಲವೇ ಎಂದು ಹರಿಹಾಯ್ದೆ. ಪಾಪ, ನಲವತ್ತರ ಲೆಕ್ಕಕ್ಕೇ ಮೆಮೊರಿ ಹಾಕಿ ಪ್ಯಾಕ್ ಮಾಡಿಕೊಟ್ಟ.

ಲ್ಯಾಬಿನಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದಾರೆ. ಸುರಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ನಾನು ಕಾಕಾ ಎನ್ನುತ್ತೇನೆ. ಯಾರದಾದರೂ ರಕ್ತದಲ್ಲಿ ಅಂಕಿ ಕೆಟ್ಟದಾಗಿ ಕಂಡರೆ, ರಿಪೋರ್ಟು ಬರೆಯುವ ಮೊದಲೇ ಹೊರಗಿನ ಬೆಂಚಿಗೆ ಹೋಗಿ, ಆ ಮನೆಯವರನ್ನು ಪಕ್ಕಕ್ಕೆ ಕರೆದು, ದವಾಖಾನೆಗೆ ತಡ ಮಾಡಬೇಡಿ ಎಂದು ಹೇಳುವುದು ಅವರ ಪದ್ಧತಿ. ಒಮ್ಮೆ ಒಂದೇ ಹೆಸರಿನ ಇಬ್ಬರು ಕೂತಿದ್ದಾಗ ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿ ದೊಡ್ಡ ಗದ್ದಲವಾಗಿತ್ತು. ಕಂಪ್ಯೂಟರ್ ಬಂದ ದಿನವೇ ನಾನು ಕಟ್ಟಪ್ಪಣೆ ಮಾಡಿದೆ: ಇನ್ನು ಬಾಯಿಮಾತು ಬಂದ್, ಪ್ರಿಂಟ್ ಆದದ್ದೇ ರಿಪೋರ್ಟು. ಕಾಕಾ ಹೂಂ ಎಂದರು.

ಮಳೆಗಾಲ ಬಂತು. ಕಾಲುವೆ ಕಡೆಯ ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಜ್ವರದಿಂದ ಮಲಗಿದರು. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಜನ ರಸ್ತೆಯಲ್ಲಿ ನಿಂತಿದ್ದರು. ನಲವತ್ತು ಎಲ್ಲಿ ಬಂತು, ಅಷ್ಟು ಜನ ಬೆಳಗಿನ ಚಹಾದ ಹೊತ್ತಿಗೇ ಬಂದಿದ್ದರು. ಕಂಪ್ಯೂಟರ್ ತೆವಳುತ್ತಾ ತೆವಳುತ್ತಾ ಒಂದು ದಿನ ನಿಂತೇಬಿಟ್ಟಿತು. ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಅದೇ ಕತೆ. ಹೊರಗೆ ಜನ ಕೂಗಾಡುತ್ತಿದ್ದರು, ಒಳಗೆ ನಾನು.

ಆಗ ಕಾಕಾ ಬಂದು ನಿಂತರು. ಎಣಿಸುವ ಮಶೀನಿನ ಸಣ್ಣ ಪರದೆಯಲ್ಲಿ ಅವರು ಅಂಕಿ ನೋಡಿದ್ದರು.

"ಯವ್ವಾ, ಗಂಡನ ಕೂಡ ಬಂದಾಳಲ್ಲ, ಆ ಟೀಚರ್ ಹೆಣ್ಮಗಳ ಪ್ಲೇಟ್‌ಲೆಟ್ ಹತ್ತು ಸಾವಿರದ ಕೆಳಗ ಅದಾವ. ಹೊರಗ ಹೋಗಿ ಆಕಿ ಗಂಡಗ ಒಂದ್ ಮಾತು ಹೇಳ್ತೀನಿ."

ಒಂದೂವರೆ ಲಕ್ಷದ ಮೇಲಿರಬೇಕಾದ ಅಂಕಿ ಅದು. ಆದರೂ ನಾನು ತಲೆ ಎತ್ತಲಿಲ್ಲ. "ಪ್ರಿಂಟ್ ಬರ್ಲಿ ಕಾಕಾ. ಎಷ್ಟ್ ಸಲ ಹೇಳ್ಬೇಕು ನಿಮಗ?"

ಅವರು ಮಶೀನಿದ್ದ ಒಳಕೋಣೆಗೆ ಹೋದರು. ಕಾಕಾರ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಯಾರೂ ಏನೂ ಹೇಳಲಿಲ್ಲವೆಂದರೆ ಎಲ್ಲ ಸರಿ ಇದೆ ಎಂದು ಹೊರಗಿದ್ದ ಆ ಗಂಡ ತಿಳಿದ. ಹೆಂಡತಿಗೆ ಎಳನೀರು ಕುಡಿಸಿ, ಗಿಡದ ನೆರಳಿನಲ್ಲಿ ಕೂರಿಸಿಕೊಂಡ. ಮಧ್ಯಾಹ್ನ ಕಂಪ್ಯೂಟರ್ ಹೇಗೋ ಚಾಲೂ ಆಗಿ ರಿಪೋರ್ಟು ಕೈಗೆ ಬಂದ ಮೇಲೆ ಕಲಬುರಗಿಗೆ ಕರೆದುಕೊಂಡು ಓಡಿದ. ಮರುದಿನ ಆಕೆ ತೀರಿಕೊಂಡಳು.

ಆ ಹೊತ್ತು ಉಳಿದಿದ್ದರೆ ಆಕೆ ಬದುಕುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾವ ಡಾಕ್ಟರನ್ನೂ ನಾನು ಕೇಳಲಿಲ್ಲ. ಯಾದಗಿರಿಗೆ ಹೋಗಿ, ಅದೇ ಅಂಗಡಿಯವನ ಮುಂದೆ ಬಾಯಿ ಮುಚ್ಚಿಕೊಂಡು ನಿಂತು, ಅವನು ಹೇಳಿದ ಕಂಪ್ಯೂಟರನ್ನೇ ತಂದೆ.

ತಿಂಗಳಾದ ಮೇಲೆ ಆ ಗಂಡ ಬಂದ. ಆಕೆಯ ಶಾಲೆಯ ಕಾಗದಪತ್ರಕ್ಕೆ ರಿಪೋರ್ಟಿನ ಇನ್ನೊಂದು ಪ್ರತಿ ಬೇಕಾಗಿತ್ತು. ಹೊಸ ಕಂಪ್ಯೂಟರ್, ನಾನು ಕೈ ತೆಗೆಯುವ ಮೊದಲೇ ಪ್ರಿಂಟ್ ಕೊಟ್ಟಿತು. ಆತ ನಿಂತಲ್ಲೇ ಓದಿದ. ಆಮೇಲೆ ಕೆಳಗಿನ ಎರಡು ಸಾಲುಗಳ ಮೇಲೆ ಬೆರಳಿಟ್ಟ.

"ರಕ್ತ ನೋಡಿದ್ದು ಹನ್ನೊಂದೂವರಿಗಿ ಅಂತ ಅದ. ಕಾಗದ ಬಂದಿದ್ದು ಎರಡಕ್ಕ. ನಡುವ ಯಾರಿಗೂ ಗೊತ್ತಿದ್ದಿಲ್ಲೇನ್ರಿ?"

ಕಾಕಾ ಒಳಬಾಗಿಲಲ್ಲೇ ನಿಂತಿದ್ದರು. ನನ್ನ ನಾಲಗೆ ತಾನಾಗಿಯೇ ಹೊರಳಿತು.

"ಇಲ್ರಿ. ಕಂಪ್ಯೂಟರ್ ನಿಂತಿತ್ರಿ."

ಆತ ಕಾಗದ ಮಡಚಿ ಜೇಬಿಗಿಟ್ಟುಕೊಂಡ. "ಮಶೀನಿಗಿ ಏನ್ ಅನ್ನಾಕ ಬರ್ತದರಿ. ನೀವು ಮನಸಿಗಿ ಹಚ್ಕೋಬ್ಯಾಡ್ರಿ," ಎಂದು ನನಗೇ ಸಮಾಧಾನ ಹೇಳಿದ.

ಕಾಕಾ ಚಪ್ಪಲಿ ಮೆಟ್ಟಿಕೊಂಡು ಆತನನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿಬರಲು ಹೋದರು. ದಾರಿಯಲ್ಲಿ ನಿಜ ಹೇಳಿಬಿಡಲಿ ಎಂದುಕೊಂಡೆ, ಹೇಳದೆ ಬರಲಿ ಎಂದೂ ಅಂದುಕೊಂಡೆ. ತಿರುಗಿ ಬಂದ ಮೇಲೆ ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.